ಹವಳದಿಬ್ಬದ ಎರಡನೇ ಅಲೆ

ಬೇಡ ಅಂದುಬಿಡಬೇಕಿತ್ತೇ? ತಮ್ಮನ ಕಾಲಿನ ಪಟ್ಟಿಗೆ ಟೇಪ್ ಸುತ್ತುತ್ತ ಅಣ್ಣ ಯೋಚಿಸಿದ. ಅಲೆಯ ಮೇಲೆ ನಿಂತು ಜಾರುವ ಸರ್ಫಿಂಗ್ ಬೋರ್ಡನ್ನು ಕಾಲಿಗೆ ಜೋಡಿಸುವ ಹಗ್ಗ ಆ ಪಟ್ಟಿಗೆ ಸೇರಿತ್ತು. ಅಪಾಯದಲ್ಲಿ ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿ. ಕಳೆದ ಸಲ ಅದು ತಾನಾಗಿಯೇ ಬಿಚ್ಚಿಕೊಂಡು, ಇಬ್ಬರೂ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಉಜ್ಜಿ ಮಾಡಿದ್ದ ಬೋರ್ಡು ಹವಳಕ್ಕೆ ಬಡಿದು ಚೂರಾಗಿತ್ತು. ಅದಕ್ಕೇ ಈ ಟೇಪು.

"ಇನ್ನೊಂದು ಸುತ್ತು ಹಾಕಣ್ಣ."

"ಇದೇನು ಕಾಲೋ, ಪಾರ್ಸೆಲ್ಲೋ?" ದೋಣಿಯ ಮೋಟಾರು ಹಿಡಿದು ಕೂತಿದ್ದ ಸೋದರಮಾವ ಕೇಳಿದ.

"ಪಾರ್ಸೆಲ್ಲೇ ಮಾವ. ಆ ತುದೀಲಿ ಇಳಿಸ್ಕೊಳ್ಳಿ."

ತುದಿ ಎಂದರೆ ನೀರಿನಡಿಯ ಹವಳದ ದಿಬ್ಬ ಮುಗಿದು ನೀರು ಮತ್ತೆ ಆಳವಾಗುವ ಜಾಗ. ಒಂದೇ ಅಲೆಯ ಮೇಲೆ ಅಲ್ಲಿಗೆ ಮುಟ್ಟಿದವರಿಲ್ಲ. ದೋಣಿಯ ಕೆಳಗೆ ಕಡುನೀಲಿ. ದಿಬ್ಬದ ಮೇಲೆ ಮಾತ್ರ ನೀರು ತೆಳುಹಸಿರಾಗಿ, ಹವಳದ ಮೊನೆಗಳು ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ದೂರದಿಂದ ಸದ್ದಿಲ್ಲದೆ ಬರುವ ಅಲೆ ದಿಬ್ಬ ತಾಗಿದ ಕೂಡಲೇ ಎದ್ದು ನಿಂತು, ಮುಂದಿನ ನೀರನ್ನೆಲ್ಲ ಹೀರಿ, ಬರಿ ಹವಳದ ಮೇಲೆ ಕುಸಿಯುತ್ತಿತ್ತು.

ತಮ್ಮ ಈಜಿದ. ಅಲೆ ಅವನನ್ನೆತ್ತಿತು. ಎದ್ದು ನಿಂತ. ಬೋರ್ಡು ನೀರು ಸೀಳುತ್ತ ಓಡಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು.

ಅಲೆ ಮಡಚಿಕೊಂಡು ಅವನ ಬೆನ್ನಿಗೆ ಅಪ್ಪಳಿಸಿತು.

ಅಣ್ಣ ಚಾಕು ಕಚ್ಚಿಕೊಂಡು ಹಾರಿದ.

"ಇನ್ನೊಂದು ಬರ್ತಿದೆ ಕಣೋ, ನೋಡ್ಕೊ," ಹಿಂದಿನಿಂದ ಮಾವನ ಕೂಗು.

ಹಗ್ಗ ಹವಳಕ್ಕೆ ಸುತ್ತಿಕೊಂಡು ತಮ್ಮನನ್ನು ಕೆಳಕ್ಕೆ ಜಗ್ಗುತ್ತಿತ್ತು. ಹಣೆ ಒಡೆದು ರಕ್ತ ಕಣ್ಣಿಗಿಳಿದಿತ್ತು. ಉಗುರಿನಿಂದ ಟೇಪ್ ಕೀಳುತ್ತಿದ್ದ; ಅದು ಬರಲೊಲ್ಲದು. ಅಣ್ಣ ಕೈ ಚಾಚಿದ. ತಮ್ಮನ ಬೆರಳುಗಳು ಬಿಗಿಯಾಗಿ ಹಿಡಿದುಕೊಂಡವು.

ಎರಡನೇ ಅಲೆ ತಲೆಯ ಮೇಲೆದ್ದಿತು.

ಅಣ್ಣ ಕೈ ಕೊಡವಿದ. ಬಿಡಿಸಿಕೊಂಡು ಆಳದ ಕಡೆಗೆ ಮುಳುಗಿದ.

ಮೇಲೆ ಸಮುದ್ರ ಕುಸಿದ ಸದ್ದು ಎದೆಗೂಡಿನೊಳಗೆ ಕೇಳಿಸಿತು. ಅವನು ಗಾಯವಿಲ್ಲದೆ ಮೇಲೆ ಬಂದಾಗ ಸುತ್ತ ನೊರೆ ಕೆಂಪಾಗಿತ್ತು. ಮತ್ತೆ ಈಜಿದ. ಹಗ್ಗ ಸಿಕ್ಕಿತು. ಕೊಯ್ದ. ಕೆಮ್ಮುತ್ತಿದ್ದ ತಮ್ಮನ ಅಂಗಿಯ ಕೊರಳಪಟ್ಟಿ ಹಿಡಿದು ದೋಣಿಯವರೆಗೆ ಎಳೆದ. ಮುಂದಿನ ಅಲೆ ಬೋರ್ಡನ್ನೂ ಬಿಡಿಸಿ ಅವರತ್ತ ಎಸೆಯಿತು.

ಸಂಜೆ ಶೆಡ್ಡಿನಲ್ಲಿ, ಬೋರ್ಡು ಉಜ್ಜುವ ಬೆಂಚಿನ ಮೇಲೆ ತಮ್ಮ ಬೋರಲು ಮಲಗಿದ್ದ. ಮಾವ ಚಿಮಟದಿಂದ ಅವನ ಬೆನ್ನಿನ ಹವಳದ ಚೂರುಗಳನ್ನು ಕೀಳುತ್ತಿದ್ದ.

"ಅಲ್ಲಾಡ್ಬೇಡ. ಬೋರ್ಡಾದ್ರೂ ಸುಮ್ನೆ ಮಲಗಿರುತ್ತೆ."

"ಅದು ಹೇಗಿದೆ?"

"ಮೂತಿ ಮುರಿದಿದೆ, ಅಷ್ಟೇ," ಅಂದ ಅಣ್ಣ.

"ಮುಕ್ಕಾಲು ದಾರಿ ತಡೀತಲ್ಲ, ಸಾಕು." ತಮ್ಮ ನಗಲು ಹೋಗಿ ಹಲ್ಲು ಕಚ್ಚಿದ. "ಆ ಎರಡನೇ ಅಲೆ ಎಂಥ ಜೋರು ಮಾವ. ಅಣ್ಣ ಹಿಡ್ಕೊಂಡಿದ್ರೂ ಕಿತ್ಕೊಂಡು ಹೋಯ್ತು ನನ್ನ."

ಅಣ್ಣ ಬಟ್ಟಲಿನ ಕೆಂಪು ನೀರನ್ನು ಹೊರಗೆ ಚೆಲ್ಲಿ, ಹೊಸ ನೀರು ತಂದಿಟ್ಟ.

ಕೈ ಬಿಟ್ಟವನು ತಾನು ಎಂದು ಅವನು ಯಾವತ್ತೂ ಹೇಳಲಿಲ್ಲ.