ನಾಲ್ಕನೆಯ ಸಾಲಿಗೆ ‘ಸರಿ’ ಎನ್ನದವನು

ಬಾಗಿಲಲ್ಲಿ ನಿಂತವನನ್ನು ಕಂಡು ಅವಳ ಬೆರಳುಗಳು ಟೈಪ್‌ರೈಟರಿನ ಮೇಲೆ ತಟ್ಟನೆ ನಿಂತವು.

ಹಾಲಿನ ವ್ಯಾನಿನ ಡ್ರೈವರ್! ಎರಡು ವರ್ಷದ ಹಿಂದೆ ಅವಳೊಡನೆ ಮದುವೆ ನಿಶ್ಚಯವಾಗಿದ್ದವನು...

‘ಊರಲ್ಲಿ ಬೇರೆ ವಕೀಲರೇ ಇರಲಿಲ್ಲವೇ ಇವನಿಗೆ?’

“ಬಾರಪ್ಪಾ, ಕೂತ್ಕೋ,” ವಕೀಲರು ಕುರ್ಚಿ ತೋರಿಸಿದರು. “ಕುಡಿದು ಗಾಡಿ ಓಡಿಸಿ ಮೊದಲನೇ ಸಲ ಸಿಕ್ಕಿಬಿದ್ದಾಗ ದಂಡ ಕಟ್ಟಿ ಬಚಾವಾದೆ. ಎರಡನೇ ಸಲ ಅಂದ್ರೆ ಜೈಲೂ ಆಗಬಹುದು. ನಿನ್ನ ಪುಣ್ಯ ಗಟ್ಟಿ! ಪೊಲೀಸರು ನಿನ್ನ ಕೈಲಿ ಊದಿಸಿದ ಯಂತ್ರದ ತಪಾಸಣೆ ಅವಧಿ ಮುಗಿದು ಹನ್ನೊಂದು ದಿನ ಆಗಿತ್ತು; ಅದರ ಲೆಕ್ಕ ಕೋರ್ಟಲ್ಲಿ ನಿಲ್ಲಲ್ಲ. ಕೆಮ್ಮಿನ ಔಷಧಿ ಕುಡಿದಿದ್ದೆ ಅನ್ನು. ಉಳಿದದ್ದು ನಾನು ನೋಡ್ಕೋತೀನಿ.”

ವಕೀಲರು ಹೇಳುತ್ತ ಹೋದರು, ಅವಳು ಟೈಪ್ ಮಾಡುತ್ತ ಹೋದಳು. ಮುಗಿದ ಮೇಲೆ ಅವರು ಕರಿಕೋಟು ಹೆಗಲಿಗೆ ಹಾಕಿಕೊಂಡು, “ಕೋರ್ಟಿಗೆ ಹೋಗಿ ಬರೋದರೊಳಗೆ ಓದಿ ಹೇಳಿ ಸಹಿ ಹಾಕಿಸಮ್ಮಾ,” ಎಂದು ಹೊರಟರು.

ಆ ಕಚೇರಿಯ ಪದ್ಧತಿ ಅದು. ಹೇಳಿಕೆಯನ್ನು ಟೈಪಿಸ್ಟ್ ಗಟ್ಟಿಯಾಗಿ ಓದಬೇಕು. ಕಕ್ಷಿದಾರ ಸಾಲುಸಾಲಿಗೂ ‘ಸರಿ’ ಎನ್ನಬೇಕು. ಕೊನೆಗೆ ‘ಓದಿ ತಿಳಿಸಲಾಗಿದೆ’ ಎಂಬುದರ ಕೆಳಗೆ ಅವಳ ಸಹಿ.

“ಚೆನ್ನಾಗಿದ್ದೀರಾ, ಟೈಪಿಸ್ಟಮ್ಮ?”

“ಓದ್ತೀನಿ, ಕೇಳಿ,” ಎಂದಳು. “ನಾನು ಹಾಲಿನ ಡೇರಿಯ ವ್ಯಾನ್ ಚಾಲಕನಾಗಿರುತ್ತೇನೆ.”

“ಸರಿ.”

“ಆ ದಿನ ಸಂಜೆ ಖಾಲಿ ಕ್ಯಾನುಗಳೊಂದಿಗೆ ಮರಳುತ್ತಿದ್ದೆ.”

“ಸರಿ.”

“ತಿರುವಿನಲ್ಲಿ ವ್ಯಾನ್ ಕುರಿದೊಡ್ಡಿಯ ಬೇಲಿಗೆ ತಗುಲಿತು.”

“...ಸರಿ.”

“ನಾನು ಮದ್ಯ ಸೇವಿಸಿರಲಿಲ್ಲ.”

ಅವನು ಸುಮ್ಮನಿದ್ದ.

“ಕೇಳಿಸ್ತಾ?”

“ಕೇಳಿಸ್ತು.” ಅವನು ತನ್ನ ಅಂಗೈಗಳನ್ನೇ ನೋಡುತ್ತಿದ್ದ. “ಬೇಲಿಯಾಚೆ ಒಂದೇ ಮಾರು ದೂರದಲ್ಲಿ ಕುರಿ ಕಾಯೋ ಅಜ್ಜ ಕೂತಿದ್ದ. ಗಾಡಿ ನಿಂತಾಗ ಅವನೇ ಎದ್ದು ಬಂದು, ‘ಪೆಟ್ಟಾಯ್ತೇನಪ್ಪಾ?’ ಅಂತ ನನ್ನನ್ನು ಕೇಳಿದ. ನನ್ನನ್ನು! ಬಾಯಿ ತೆಗೆದರೆ ವಾಸನೆ ಬಂದೀತು ಅಂತ ನಾನು ಮಾತೇ ಆಡಲಿಲ್ಲ.”

ಅವಳು ಹಾಳೆಯನ್ನು ಕೆಳಗಿಟ್ಟಳು.

“ಹೋದ ಸಲ ಮಾತ್ರ ಬಾಯಿ ತುಂಬಾ ಆಡಿದ್ರಿ.”

“ಕುಡಿದೆ ಅಂತ ತಾನೇ ನೀವು ಮದುವೆ ಬೇಡ ಅಂದಿದ್ದು?”

“ಹಾಗಂದ್ಕೊಂಡ್ರಾ?” ಅವಳು ಪೂರ್ತಿ ಅವನತ್ತ ತಿರುಗಿದಳು. “ದಂಡ ಕಟ್ಟಿ ಬಂದು ನಮ್ಮ ಅಪ್ಪನ ಮುಂದೆ, ‘ಯಂತ್ರ ಕೆಟ್ಟಿತ್ತು ಮಾವ, ನಾನು ಮುಟ್ಟೇ ಇಲ್ಲ’ ಅಂದ್ರಲ್ಲ, ಬಾಗಿಲ ಹಿಂದೆ ನಿಂತು ಕೇಳ್ತಿದ್ದೆ. ಬಿಟ್ಟಿದ್ದು ಆ ಮಾತಿಗೆ... ಇವತ್ತು ಅದನ್ನೇ ನನ್ನ ಕೈಲಿ ಟೈಪ್ ಮಾಡಿಸಿದ್ರಿ!”

ಗೋಡೆಯ ಮೇಲಿನ ಫ್ಯಾನು ಒಂದು ಸುತ್ತು ಅವಳತ್ತ ತಿರುಗಿ ಬಂತು. ಅವನು ತಲೆ ತಗ್ಗಿಸಿದ.

“ಆ ಸಾಲು ತೆಗೀರಿ.”

“ಯೋಚನೆ ಮಾಡಿ. ಜೈಲಾಗಬಹುದು. ಲೈಸೆನ್ಸ್, ಕೆಲಸ ಎರಡೂ ಹೋಗ್ತವೆ. ವಕೀಲರು ಬಂದರೆ ಸೂರು ಹಾರಿಹೋಗೋ ಹಾಗೆ ಕೂಗಾಡ್ತಾರೆ.”

“ಕೂಗಾಡ್ಲಿ. ಕೇಸು ನಂದು, ಅವರದ್ದಲ್ಲ.”

ಅವಳು ಹೊಸ ಹಾಳೆ ಏರಿಸಿದಳು. ಟೈಪ್ ಮುಗಿಸಿ ಮೊದಲಿನಿಂದ ಓದಿದಳು. “ನಾನು ಮದ್ಯ ಸೇವಿಸಿದ್ದೆ. ತಪ್ಪು ನನ್ನದು. ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಲು ಒಪ್ಪಿರುತ್ತೇನೆ.”

“ಆಸ್ಪತ್ರೆ ಮಾತು ನಾನು ಹೇಳಲೇ ಇಲ್ವಲ್ಲ!”

“ಬೇಡ ಅಂದ್ರೆ ಆ ಸಾಲನ್ನು ಈಗಲೇ ಹೊಡೆದು ಹಾಕ್ತೀನಿ.”

ಅವನು ಹಾಳೆ ಇಸಿದುಕೊಂಡು ಆ ಸಾಲನ್ನು ತಾನೇ ಎರಡು ಸಲ ಓದಿದ.

“ಸರಿ,” ಎಂದ ಕೊನೆಗೆ.

ಅವನು ಸಹಿ ಹಾಕಿದ. ಅದರ ಕೆಳಗೆ ಅವಳು ಹಾಕಿದಳು. ಎರಡು ವರ್ಷದ ಹಿಂದೆ ಲಗ್ನಪತ್ರಿಕೆಯಲ್ಲಿ ಜೊತೆಯಾಗಿ ಅಚ್ಚಾಗಬೇಕಿದ್ದ ಎರಡು ಹೆಸರು...

ಅವನು ಏಳಹೋದ.

“ಕೂತ್ಕೊಳ್ಳಿ. ಇನ್ನೂ ಒಂದು ಸಾಲು ಇದೆ.”

“ಹಾಳೆ ಮುಗೀತಲ್ಲ?”

“ಹಾಳೆಯಲ್ಲಿಲ್ಲ.” ಅವಳು ಖಾಲಿ ಗೋಡೆಯನ್ನು ನೋಡುತ್ತ, ಓದುವ ದನಿಯಲ್ಲೇ ಹೇಳಿದಳು. “ಶಿಕ್ಷೆ, ಆಸ್ಪತ್ರೆ ಎರಡೂ ಮುಗಿದ ದಿನ, ಬಸ್ಸು ಹತ್ತಿ ನೇರವಾಗಿ ಈ ಟೈಪಿಸ್ಟಮ್ಮನ ಮನೆಗೆ ಬರತಕ್ಕದ್ದು. ಅಪ್ಪನ ಮುಂದೆ ನಿಜ ಹೇಳತಕ್ಕದ್ದು. ಅಲ್ಲಿಯವರೆಗೆ ಇವಳು... ಕಾಯತಕ್ಕದ್ದು.”

ಅವನು ಕುರ್ಚಿಯ ತುದಿ ಹಿಡಿದು ಅವಳ ಮುಖವನ್ನೇ ನೋಡಿದ.

“ಏನ್ರೀ, ಇದಕ್ಕೂ ಬಾಯಿ ಕಟ್ಟಿತಾ?”

“ಸರಿ,” ಎಂದ ಅವನು. “ಸರಿ ಕಣೇ... ಸರಿ.”