ಮೇಣದ ಹೂವಿನ ತೊಟ್ಟು

"ಹೂ ಉದುರಿದ ಮ್ಯಾಲ ಬೋಳು ತೊಟ್ಟು ಉಳೀತಾವ್ರಿ. ಅವನ್ನ ಮಾತ್ರ ಕೊಯ್ಯಬ್ಯಾಡ್ರಿ."

ಮನೆಯೊಡತಿ ರೇಣವ್ವ ಕೀಲಿ ಕೊಡುವಾಗಲೇ ಹೇಳಿದ್ದಳು. ಮೈಸೂರಿನಿಂದ ತಾರಿಹಾಳದ ಕಾರ್ಖಾನೆಗೆ ವರ್ಗವಾಗಿ ಬಂದಿದ್ದ ಪ್ರತಾಪ ಯಾಕೆಂದು ಕೇಳಿದ. ನಾದಿನಿ ತನಗೆ ಮಾಡಿಸಿದ ಮಾಟವನ್ನು ಮಂತ್ರವಾದಿ ಇಳಿಸಿ ಈ ಬಳ್ಳಿಗೆ ಕಟ್ಟಿದ್ದಾನೆ, ಅದು ಆ ತೊಟ್ಟುಗಳಲ್ಲೇ ಕೂತಿದೆ ಎಂದಳು. ಅವನು ನಕ್ಕ. ಓದಿದವನಲ್ಲವೇ, ನಗಲೇಬೇಕು.

ಪಡಸಾಲೆಯ ಕಿಟಕಿಗೆ ಹಬ್ಬಿದ ಮೇಣದ ಹೂವಿನ ಬಳ್ಳಿ ನೋಡಲು ಚಂದವೇ ಇತ್ತು. ವಾರಕ್ಕೊಮ್ಮೆ ನೀರು ಹಾಕುತ್ತಿದ್ದ, ದಪ್ಪ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಹೂಗೊಂಚಲು ಉದುರಿ ಗಿಡ್ಡ ತೊಟ್ಟುಗಳಷ್ಟೇ ಉಳಿದವು. ಒಂದು ಭಾನುವಾರ ಕತ್ತರಿ ತಂದು ಅಷ್ಟನ್ನೂ ಕತ್ತರಿಸಿದ. ಬಿಳಿ ಹಾಲು ಚಿಮ್ಮಿ ಅವನ ಕುತ್ತಿಗೆಗೆ ಸಿಡಿಯಿತು. ಕೊಳೆತ ಬೆಲ್ಲದ ವಾಸನೆ. ಎಷ್ಟು ತೊಳೆದರೂ ಹೋಗಲಿಲ್ಲ.

ಮೂರನೇ ದಿನ ಕತ್ತಿನ ಹಿಂದೆ ಕೆರೆತ. ಕೈ ಹಾಕಿದರೆ ಒಂದು ತೊಟ್ಟು. ತುದಿಯಲ್ಲಿ ಮಾಂಸದ ಬಣ್ಣದ ಮೊಗ್ಗುಗಳು, ಮುಟ್ಟಿದರೆ ಬೆಚ್ಚಗೆ. ಒಂದು ಬಿರಿಯಿತು. ಅಂಟು ಜೇನು ಬೆನ್ನಿಗಿಳಿದು ಅಂಗಿ ಚರ್ಮಕ್ಕೆ ಹತ್ತಿಕೊಂಡಿತು. ಕಾಲರಿನ ತುಂಬ ಕೆಂಪಿರುವೆ. ಥೂ, ಹೇಸಿಗೆ! ಓಕರಿಸುತ್ತ ಬ್ಲೇಡಿನಿಂದ ಬುಡಸಮೇತ ಕೊಯ್ದು ಸಂಡಾಸಿಗೆ ಎಸೆದ.

ಮರುದಿನ ನಾಲ್ಕು ವರ್ಷದ ಮಗಳು ಪೂನಮ್ ಕಿವಿ ಕೆರೆಯುತ್ತ ಬಂದಳು. ಕಿವಿಯ ಹಿಂದೆ ಅದೇ ವಾಸನೆ. ಅದೇ ಮೊಗ್ಗು.

ಪ್ರತಾಪ ರೇಣವ್ವನ ಕಾಲಿಗೆ ಬಿದ್ದ. ಅವಳು ಮೂಗಿಗೆ ಸೆರಗು ಹಿಡಿದು ದೂರ ಸರಿದಳು.

"ಕೊಯ್ದಂಗ ಹತ್ರದವರಿಗೆ ಹತ್ತತೈತ್ರಿ. ಅಕಿ ಮೊಗ್ಗು ನೀವು ನುಂಗ್ರಿ. ಅಕೀನ್ನ ಬಿಡತೈತಿ. ನಿಮ್ಮನ್ನ ಬಿಡಂಗಿಲ್ಲ."

ಮೊಗ್ಗು ಚಿವುಟಿದ. ಮಗಳು ಚೀರಿದಳು. ಬಾಯಿಗೆ ಹಾಕಿಕೊಂಡ. ಹಲ್ಲಿನ ನಡುವೆ ಒಡೆಯಿತು. ಸಿಹಿ. ಕೀವು. ವಾಂತಿ ಬಂತು. ಅದನ್ನೂ ನುಂಗಿದ. ಸಂಜೆಯೊಳಗೆ ಮಗಳ ಕಿವಿ ನುಣ್ಣಗಾಗಿತ್ತು, ಅವನ ಕತ್ತಿನಲ್ಲಿ ತೊಟ್ಟು ಮತ್ತೆ ಮೂಡಿತ್ತು.

ಈಗ ಪ್ರತಾಪ ಬೇಸಿಗೆಯಲ್ಲೂ ಮಫ್ಲರ್ ಸುತ್ತುತ್ತಾನೆ. ದಿನಾ ಬೆಳಿಗ್ಗೆ ಕತ್ತಿನ ಜೇನು ಒರೆಸಿಕೊಳ್ಳುತ್ತಾನೆ. ಇರುವೆ ಹತ್ತೀತೆಂದು ಮಗಳನ್ನು ಎತ್ತಿಕೊಳ್ಳುವುದಿಲ್ಲ. ಕೂದಲು ಬೆಳೆದರೆ ಕ್ಷೌರದ ಅಸ್ಫಾಕನನ್ನು ಮನೆಗೇ ಕರೆಸುತ್ತಾನೆ. ಹೋದ ವಾರ ಮಫ್ಲರ್ ಜಾರಿ ಬಿತ್ತು. ಬೋಳು ತೊಟ್ಟು ಕಂಡ ಅಸ್ಫಾಕ, ನರೂಲಿ ಇರಬೇಕು, ತೆಗೆದುಬಿಡುತ್ತೇನೆಂದು ರೇಜರ್ ಇಟ್ಟ.

ಪ್ರತಾಪ ಅವನ ಮಣಿಕಟ್ಟು ಹಿಡಿದ. ಬಾಗಿಲಲ್ಲಿ ಪೂನಮ್ ಆಡುತ್ತಿದ್ದಳು.

"ಹೂ ಉದುರ್ಯಾವ ಅಷ್ಟ," ಅಂದ. "ತೊಟ್ಟು ಕೊಯ್ಯಬ್ಯಾಡ."