ಉತ್ತರ ಬರಿ ಅಕ್ಕಯ್ಯ

ಈಗಲೂ ನೆನೆಸಿಕೊಂಡರೆ ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತೆ.

ರೇಷ್ಮೆಗೂಡಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಕನಕಪುರದ ನಮ್ಮ ಸಾಹಿತ್ಯ ಸಂಘದ ಹಳೇ ಪತ್ರಗಳ ಬೀರು ನನ್ನ ಸುಪರ್ದಿಯಲ್ಲಿತ್ತು. ಅದರಲ್ಲಿ, ದೊಡ್ಡಆಲಹಳ್ಳಿಗೆ ಸೊಸೆಯಾಗಿ ಬಂದ ಲಕ್ಷ್ಮಿದೇವಮ್ಮ ಎಂಬಾಕೆ ಮಾಗಡಿಯ ಅಕ್ಕನಿಗೆ ಸಾಯೋತನಕ ಬರೆದ ಕಾಗದಗಳ ಕಟ್ಟೊಂದಿತ್ತು; ಅಕ್ಕನ ಮನೆಯವರು ಸಂಘಕ್ಕೆ ಕೊಟ್ಟಿದ್ದು. ಎಲ್ಲವೂ ಮುಗಿಯೋದು ಒಂದೇ ಮಾತಿಗೆ: "ಉತ್ತರ ಬರಿ ಅಕ್ಕಯ್ಯ." ಒಂದಕ್ಕೂ ಉತ್ತರ ಬಂದಿರಲಿಲ್ಲವಂತೆ.

ನಾನು ರಜೆಯಲ್ಲಿದ್ದಾಗ ಸಂಘದ ಅಧ್ಯಕ್ಷ ಚನ್ನಲಿಂಗಪ್ಪ ಆ ಕಟ್ಟನ್ನ ಮನೆಗೆ ಹೊತ್ತೊಯ್ದು ರೇಷ್ಮೆಹುಳದ ತಟ್ಟೆಗಳಿಗೆ ಹಾಸಿಬಿಟ್ಟಿದ್ದ. ಕೇಳಿದ್ದಕ್ಕೆ, "ಹಳೇ ಕಾಗ್ದ ತಾನೆ, ಒಸಿ ಉಪಯೋಗಕ್ಕೆ ಬರ್ಲಿ ಬುಡಮ್ಮ" ಅಂದ. ಸತ್ತವಳ ಮಾತಿನ ಮೇಲೆ ಹುಳದ ಹಿಕ್ಕೆ.

ಮಟಮಟ ಮಧ್ಯಾಹ್ನ ಅವನ ಮನೆಗೇ ನುಗ್ಗಿದೆ. ಹುಳದ ಕೋಣೆಯಲ್ಲಿ ಇದ್ದಿಲ ಒಲೆ ಉರಿಯುತ್ತಿದ್ದರೂ ಕಾಲಡಿಯ ನೆಲ ತಣ್ಣಗೆ ಕೊರೆಯುತ್ತಿತ್ತು. ಸೊಪ್ಪು ಮೇಯುವ ಸದ್ದು ಮಳೆ ಸುರಿದ ಹಾಗೆ ಕೇಳುತ್ತಿತ್ತು. ಅವನ ಹೆಂಡತಿ ಚನ್ನಬಸಮ್ಮ ಒಳಗೆ ಬರದೆ ಬಾಗಿಲಲ್ಲೇ ನಿಂತು ಪಿಸುಗುಟ್ಟಿದಳು: "ಹುಳ ಜ್ವರಕ್ಕೆ ಕೂತವೆ ಕಣಕ್ಕ. ನಿನ್ನೆಯಿಂದ ಸೊಪ್ಪೇ ಹಾಕಿಲ್ಲ."

ಪೊರೆ ಬಿಡುವ ಆ ಜ್ವರದಲ್ಲಿ ಹುಳ ಏನೂ ತಿನ್ನೋದಿಲ್ಲ. ಅವು ತಲೆ ಎತ್ತಿಕೊಂಡು ಅಲುಗದೆ ಕೂತಿದ್ದವು. ಸದ್ದು ಮಾತ್ರ ನಿಂತಿರಲಿಲ್ಲ.

ಹುಳಗಳನ್ನ ಸರಿಸಿ ಕಾಗದಗಳನ್ನೆಲ್ಲ ಎಳೆದುಕೊಂಡೆ. ಸದ್ದು ನಿಂತಿತು. ಪ್ರತಿ ಕಾಗದದಲ್ಲೂ ಕೊನೆಯ ಸಾಲಿದ್ದ ಜಾಗ ಮಾತ್ರ ಮೇಯ್ದು ತೂತಾಗಿತ್ತು, ಅಂಚು ಒದ್ದೆಯಾಗಿ ಹಸಿ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು.

"ಹುಳ ತಿಂದಿರ್ತವೆ" ಅಂತ ಅಷ್ಟರಲ್ಲಿ ಬಂದ ಚನ್ನಲಿಂಗಪ್ಪ ನಕ್ಕ. ರೇಷ್ಮೆಹುಳ ಕಾಗದ ತಿಂದಿದ್ದನ್ನ ಈ ಸೀಮೆಯಲ್ಲಿ ಯಾರು ಕಂಡಿದ್ದಾರೆ?

ಕಟ್ಟನ್ನ ಬೀರುವಿಗೇ ತಂದಿಟ್ಟೆ. ವರ್ಷಗಳಾದವು. ಆ ತೂತುಗಳ ಅಂಚು ಇವತ್ತಿಗೂ ಒಣಗಿಲ್ಲ.